ಅವಸರವಿಲ್ಲದೆ ಆಡಲು ಯಾವ ಓಪನ್ ವರ್ಲ್ಡ್ ಆಟ? ಸ್ಕೈರಿಮ್, ವಿಚರ್ 3, ಎಲ್ಡನ್ ರಿಂಗ್, ಕಿಂಗ್‌ಡಮ್ ಕಮ್

"ನೂರು ಗಂಟೆ ಆಡಬಹುದು" ಅನ್ನುವುದು ಓಪನ್ ವರ್ಲ್ಡ್ ಆರ್‌ಪಿಜಿ (ದೊಡ್ಡ ಲೋಕದಲ್ಲಿ ಒಂದು ಪಾತ್ರವಾಗಿ ಬೇಕಾದ ಕಡೆ ಓಡಾಡುವ ವಿಡಿಯೋ ಗೇಮ್) ಮಾರುವವರ ಹಳೇ ಮಾತು. ಆ ನೂರು ಗಂಟೆ ಹೇಗೆ ಕಳೆಯುತ್ತೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಕೆಲಸ ಮುಗಿಸಿ, ಊಟ ಮಾಡಿ ಕೂತರೆ ನಮಗೆ ಸಿಗುವುದು ರಾತ್ರಿ ಒಂದು ಗಂಟೆ. ಅದರಲ್ಲೂ ವಾರಕ್ಕೆ ಎರಡು ದಿನ ತಪ್ಪುತ್ತೆ. ಹಬ್ಬಕ್ಕೆ ಊರಿಗೆ ಹೋದರೆ ಹದಿನೈದು ದಿನ ಆಟದ ಮುಖ ನೋಡುವುದಿಲ್ಲ. ಹೀಗಿರುವವರು ದೊಡ್ಡ ಆಟ ಆಡಲೇಬಾರದಾ? ಧಾರಾಳವಾಗಿ ಆಡಬಹುದು. ಆದರೆ ನಿಧಾನಕ್ಕೆ ಆಡುತ್ತೇನೆ ಅಂತ ನಾವು ತೀರ್ಮಾನ ಮಾಡಿದರೆ ಸಾಲದು, ಆಟವೂ ಅದಕ್ಕೆ ಒಪ್ಪಬೇಕು. ಕೆಲವು ಒಪ್ಪುತ್ತವೆ. ಕೆಲವು ಒಪ್ಪಿದ ಹಾಗೆ ಮಾಡಿ ಬೆನ್ನ ಹಿಂದೆ ಗಡಿಯಾರ ತೋರಿಸುತ್ತವೆ.

ಹಾಗಾಗಿ ಇಲ್ಲಿ ಗ್ರಾಫಿಕ್ಸ್, ಫ್ರೇಮ್ ರೇಟ್ ಸುದ್ದಿ ಇಲ್ಲ. ನಾನು ನೋಡುವುದು ಮೂರು ವಿಷಯ. ಮೇನ್ ಕ್ವೆಸ್ಟ್, ಅಂದರೆ ಮುಖ್ಯ ಕಥೆಯ ಕೆಲಸ, ಪಕ್ಕಕ್ಕಿಟ್ಟು ಅಲೆದರೆ ಆಟ ದಂಡ ಹಾಕುತ್ತಾ? ಮ್ಯಾಪಿನಲ್ಲಿ ಗುರುತಿಲ್ಲದ ಜಾಗದಲ್ಲೂ ನೋಡುವಂಥದ್ದು ಇದೆಯಾ? ಹದಿನೈದು ದಿನ ಬಿಟ್ಟು ಬಂದರೆ ಎಲ್ಲಿದ್ದೆ, ಯಾರ ಕೆಲಸ ಒಪ್ಪಿಕೊಂಡಿದ್ದೆ ಅನ್ನುವುದು ನೆನಪಾಗುತ್ತಾ? ಈ ಮೂರನೆಯದು ವಿಮರ್ಶೆಗಳಲ್ಲಿ ಅಷ್ಟಾಗಿ ಬರುವುದಿಲ್ಲ. ವಿಮರ್ಶೆ ಬರೆಯುವವರು ಒಂದೇ ಉಸಿರಿಗೆ ಆಡಿ ಮುಗಿಸಬೇಕಲ್ಲ, ಅದಕ್ಕೆ. ನಮಗೆ ಮಾತ್ರ ಅದೇ ದೊಡ್ಡ ಪ್ರಶ್ನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ನಾಲ್ಕರಲ್ಲಿ ಯಾವುದರಲ್ಲೂ ಕನ್ನಡ ಸಬ್‌ಟೈಟಲ್ ಇಲ್ಲ. ಇಂಗ್ಲಿಷಿನಲ್ಲೇ ಓದಬೇಕು. ಯಾವುದರಲ್ಲಿ ಓದುವ ಕೆಲಸ ಎಷ್ಟು ಅನ್ನುವುದೂ ಆಯ್ಕೆಗೆ ಬರುತ್ತೆ.

ಸ್ಕೈರಿಮ್: ಯಾರೂ ಕಾಯುತ್ತಿಲ್ಲ

ಬೆಥೆಸ್ಡಾದ ಸ್ಕೈರಿಮ್ ಬಂದಿದ್ದು 2011ರ ನವೆಂಬರ್ 11ಕ್ಕೆ. ಹಳೇ ಆಟ, ಮುಖಗಳು ಮರದ ಗೊಂಬೆಗಳ ಹಾಗಿವೆ, ಕತ್ತಿ ಬೀಸಿದರೆ ಗಾಳಿಗೆ ಬೀಸಿದ ಹಾಗಿರುತ್ತೆ. ಆದರೂ ಸುಮ್ನೆ ಅಲೆಯುವ ವಿಷಯಕ್ಕೆ ಬಂದರೆ ಇದರ ಹತ್ತಿರ ಬರುವ ಆಟ ಕಡಿಮೆ.

ಕಾರಣ ಇದು. ಆಟದ ಶುರುವಿನಲ್ಲೇ ಡ್ರ್ಯಾಗನ್ ಬಂದು ಹೆಲ್ಗನ್ ಅನ್ನುವ ಊರು ಸುಟ್ಟುಹಾಕುತ್ತೆ. ನೀವು ತಪ್ಪಿಸಿಕೊಂಡು ರಿವರ್‌ವುಡ್ ಹಳ್ಳಿಗೆ ಬರುತ್ತೀರಿ. ವೈಟ್‌ರನ್ ಪಟ್ಟಣಕ್ಕೆ ಹೋಗಿ ಅಲ್ಲಿನ ಒಡೆಯನಿಗೆ ಸುದ್ದಿ ಮುಟ್ಟಿಸು ಅನ್ನುತ್ತಾರೆ. ಮುಟ್ಟಿಸದಿದ್ದರೆ? ಏನೂ ಆಗುವುದಿಲ್ಲ. ಆ ಕೆಲಸಗಳನ್ನು ಮುಗಿಸಿ, ಪಟ್ಟಣದ ಪಶ್ಚಿಮದ ಕಾವಲುಗೋಪುರದ ಹತ್ತಿರ ಮೊದಲ ಡ್ರ್ಯಾಗನ್ ಹೊಡೆಯುವ ತನಕ ಬೇರೆ ಡ್ರ್ಯಾಗನ್‌ಗಳು ಆಕಾಶದಲ್ಲಿ ಅಲೆಯುವುದೇ ಇಲ್ಲ. ಅಂದರೆ ಲೋಕ ಮುಳುಗುವ ಕಥೆಯ ಬೀಗದಕೈ ನಿಮ್ಮ ಜೇಬಿನಲ್ಲಿದೆ. ತಿಂಗಳುಗಟ್ಟಲೆ ಬೇಟೆ, ಕಮ್ಮಾರಿಕೆ, ಕಳ್ಳತನ, ಗುಹೆ ಅಂತ ಓಡಾಡಿಕೊಂಡಿರಬಹುದು. ನಷ್ಟ ಒಂದೇ: ಡ್ರ್ಯಾಗನ್ ಭಾಷೆಯಲ್ಲಿ ಕೂಗಿ ಪ್ರಯೋಗಿಸುವ ಶಕ್ತಿಗಳು ಅಲ್ಲಿಯವರೆಗೆ ಕೈಗೆ ಬರುವುದಿಲ್ಲ.

ರಿವರ್‌ವುಡ್‌ನಿಂದ ವೈಟ್‌ರನ್‌ಗೆ ನಡೆದೇ ಹೋಗಿ. ಪಕ್ಕದಲ್ಲೇ ನದಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತೆ. ಒಂದು ತಿರುವು ದಾಟಿದರೆ ಬಯಲು, ದೂರದ ಗುಡ್ಡದ ಮೇಲೆ ಅರಮನೆ. ಇನ್ನೇನು ಊರು ಬಂತು ಅನ್ನುವಾಗ ಎಡಗಡೆ ಹೊಲದಲ್ಲಿ ಮೂವರು ಸೇರಿ ಒಬ್ಬ ದೈತ್ಯನ ಜೊತೆ ಹೊಡೆದಾಡುತ್ತಿರುತ್ತಾರೆ. ನೀವು ಕೈ ಹಾಕಬಹುದು, ನಿಂತು ನೋಡಬಹುದು. ಬೇಲಿ ಪಕ್ಕ ಕ್ಯಾಬೇಜ್ ಕಿತ್ತುಕೊಂಡು ನಿಮ್ಮ ಪಾಡಿಗೆ ಹೋಗಲೂಬಹುದು. ಯಾವ ಕ್ವೆಸ್ಟ್ ಗುರುತೂ ಅಲ್ಲಿಗೆ ಕರೆದಿರುವುದಿಲ್ಲ. ಸ್ಕೈರಿಮ್‌ನ ಒಳ್ಳೆಯ ಭಾಗವೆಲ್ಲ ಹೀಗೇ ದಾರಿ ಪಕ್ಕ ಬಿದ್ದಿರುತ್ತೆ.

ಇಲ್ಲಿ 18 ವಿದ್ಯೆಗಳಿವೆ, ಮಾಡಿದ ಕೆಲಸವೇ ಪಳಗುತ್ತೆ. ಬಿಲ್ಲು ಹೊಡೆದರೆ ಬಿಲ್ಲು, ಬೀಗ ಮುರಿದರೆ ಬೀಗ. ಇದರಲ್ಲಿ ಒಂದು ತೊಂದರೆಯೂ ಇದೆ. ಕುಲುಮೆ ಮುಂದೆ ಕೂತು ಬರೀ ಚೂರಿ ಬಡಿಯುತ್ತಾ ಲೆವೆಲ್ ಏರಿಸಿಕೊಂಡರೆ ಶತ್ರುಗಳೂ ನಿಮ್ಮ ಲೆವೆಲ್ ನೋಡಿಕೊಂಡು ಗಟ್ಟಿಯಾಗುತ್ತಾರೆ. ಆಗ ಒಂದು ಕರಡಿ ಬಂದರೂ ಪ್ರಾಣಸಂಕಟ. ಕರಕುಶಲದ ಜೊತೆ ಒಂದಾದರೂ ಹೊಡೆದಾಟದ ವಿದ್ಯೆ ಬೆಳೆಸಿಕೊಳ್ಳಿ.

ಬಿಟ್ಟು ಬಂದವರಿಗೆ ಇದು ಅರ್ಧ ಸಹಾಯ ಮಾಡುತ್ತೆ. ಎಲ್ಲಿ ಬೇಕಾದರೂ ಸೇವ್ ಆಗುತ್ತೆ, ಪಿಸಿಯಲ್ಲಿ ಎಫ್5 ಒತ್ತಿ ಎದ್ದು ಹೋಗಬಹುದು. ಆದರೆ ಜರ್ನಲ್‌ನಲ್ಲಿ ಬರೆದಿರುವುದು "ಇಂಥವರ ಹತ್ತಿರ ಮಾತಾಡು" ಅನ್ನುವಷ್ಟೇ. ಯಾಕೆ, ಎಲ್ಲಿ ಅನ್ನುವುದಕ್ಕೆಲ್ಲ ಬಾಣದ ಗುರುತೇ ಗತಿ. ಇದೇ ಕಂಪನಿಯ 2002ರ ಮಾರೊವಿಂಡ್‌ನಲ್ಲಿ "ಸೇತುವೆ ದಾಟಿ ಎಡಕ್ಕೆ ತಿರುಗು" ಅಂತ ಬಾಯಿಮಾತಿನಲ್ಲಿ ದಾರಿ ಹೇಳುತ್ತಿದ್ದರು. ಆ ಸುಖ ಇಲ್ಲಿಲ್ಲ. ಇನ್ನೊಂದು, ಕೆಲವು ಸಂಘಗಳ ಚಿಕ್ಕಪುಟ್ಟ ಕೆಲಸಗಳನ್ನು ಆಟವೇ ಹುಟ್ಟಿಸುತ್ತಾ ಹೋಗುತ್ತೆ, ಅವಕ್ಕೆ ಕೊನೆಯೇ ಇಲ್ಲ. ಪಟ್ಟಿ ಖಾಲಿ ಮಾಡುತ್ತೇನೆ ಅಂತ ಹಟ ಹಿಡಿಯಬೇಡಿ.

ಇನ್ನೂ ನಿಧಾನ ಬೇಕು ಅನ್ನುವವರಿಗೆ ಸರ್ವೈವಲ್ ಮೋಡ್ ಇದೆ. ಹಸಿವು, ಚಳಿ, ನಿದ್ದೆ ಎಲ್ಲ ಲೆಕ್ಕಕ್ಕೆ ಬರುತ್ತೆ. ಫಾಸ್ಟ್ ಟ್ರಾವೆಲ್ (ಮ್ಯಾಪಿನಲ್ಲಿ ಒತ್ತಿ ಥಟ್ಟನೆ ಹೋಗುವುದು) ಬಂದ್, ದೂರದ ಊರಿಗೆ ಗಾಡಿ ಹಿಡಿಯಬೇಕು. ಸ್ಪೆಷಲ್ ಎಡಿಷನ್ ಇದ್ದವರಿಗೆ 2021ರಿಂದ ಇದು ಉಚಿತ.

ವಿಚರ್ 3: ಕಥೆ ಬೇಕು ಅನ್ನುವವರಿಗೆ

ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ರೆಡ್ 2015ರ ಮೇ 19ಕ್ಕೆ ಬಿಟ್ಟ ಆಟ. ಸ್ಕೈರಿಮ್‌ನಲ್ಲಿ ನೀವು ಯಾರು ಬೇಕಾದರೂ ಆಗಬಹುದು. ಇಲ್ಲಿ ನೀವು ಗೆರಾಲ್ಟ್, ಕೂಲಿಗೆ ರಾಕ್ಷಸರನ್ನು ಹೊಡೆಯುವವನು. ಆಯ್ಕೆ ಕಡಿಮೆ ಆಯಿತು ಅನ್ನಿಸಬಹುದು. ಬದಲಿಗೆ ಸಿಗುವುದು ಬರವಣಿಗೆ. ಸೈಡ್ ಕ್ವೆಸ್ಟ್ ಅಂದರೆ ಹತ್ತು ತೋಳ ಹೊಡೆದು ಬಾ ಅನ್ನುವ ಕಾಟಾಚಾರ ಇಲ್ಲಿ ತೀರಾ ಕಮ್ಮಿ.

ಮೊದಲ ಊರು ವೈಟ್ ಆರ್ಚರ್ಡ್‌ನಲ್ಲಿ ಒಬ್ಬ ಅಜ್ಜಿ ಬೀಗ ಹಾಕಿದ ಗುಡಿಸಲ ಮುಂದೆ ನಿಂತು ಗೊಣಗುತ್ತಿರುತ್ತಾಳೆ. ಅವಳ ಬಾಣಲೆ ಒಳಗೆ ಸಿಕ್ಕಿಹಾಕಿಕೊಂಡಿದೆ, ತೆಗೆದುಕೊಡಬೇಕು. ಅಷ್ಟೇ ಕೆಲಸ. ಒಳಗೆ ಹೋದರೆ ಒಂದು ಹೆಣ. ಬಾಣಲೆ ಸಿಗುತ್ತೆ, ಆದರೆ ಅದರ ತಳದ ಮಸಿಯನ್ನು ಯಾರೋ ಕೆರೆದು ತೆಗೆದಿದ್ದಾರೆ. ಯಾಕೆ? ಶಾಯಿ ಮಾಡಿಕೊಳ್ಳಲು. ಪಕ್ಕದಲ್ಲಿ ಸುಟ್ಟ ಕಾಗದದ ಚೂರು. ಯುದ್ಧದ ನಡುವೆ ಆ ಗುಡಿಸಲಲ್ಲಿ ಏನೋ ನಡೆದುಹೋಗಿದೆ. ಅಜ್ಜಿಗೆ ಅದ್ಯಾವುದೂ ಬೇಕಿಲ್ಲ, ಬಾಣಲೆ ಕೈಗೆ ಬಂದರೆ ಆಯಿತು. ಐದು ನಿಮಿಷದ ಕೆಲಸ. ಮುಖ್ಯ ಕಥೆಗೂ ಅದಕ್ಕೂ ಏನೂ ಸಂಬಂಧವಿಲ್ಲ. ಓಡುವವರು ಆ ಅಜ್ಜಿಯನ್ನು ದಾಟಿಕೊಂಡು ಹೋಗಿರುತ್ತಾರೆ.

ನನ್ನ ಸಲಹೆ ಕೇಳಿದರೆ, ವೈಟ್ ಆರ್ಚರ್ಡ್ ಪೂರ್ತಿ ನೋಡಿ ಮುಂದೆ ಹೋಗಿ. ಅದು ಚಿಕ್ಕ ಊರು, ಆಟದ ರೀತಿನೀತಿ ಎಲ್ಲ ಅಲ್ಲೇ ಗೊತ್ತಾಗುತ್ತೆ. ಆಮೇಲೆ ವೆಲೆನ್ ಪ್ರಾಂತ್ಯದಲ್ಲಿ ಬ್ಲಡಿ ಬ್ಯಾರನ್ ಕಥೆ ಬರುತ್ತೆ, ಕುಡುಕ ಗಂಡ, ಓಡಿಹೋದ ಹೆಂಡತಿ, ಮಗಳು. ಅದನ್ನು ಎರಡು ಮೂರು ರಾತ್ರಿಗೆ ಹಂಚಿಕೊಂಡು ಆಡಿ. ಮಧ್ಯೆ ಒಂದು ದಿನ ಬಿಟ್ಟರೂ ಅದು ತಲೆಯಿಂದ ಹೋಗುವುದಿಲ್ಲ. ಪರದೆಯ ಮೂಲೆಯಲ್ಲಿರುವ ಮಿನಿಮ್ಯಾಪ್ ಆಫ್ ಮಾಡಿ ನೋಡಿ, ಕಣ್ಣು ಆ ಚುಕ್ಕೆಗೆರೆ ಬಿಟ್ಟು ದಾರಿಯ ಮೇಲೆ ಬೀಳುತ್ತೆ.

ಇನ್ನು ದೂರು. ಕಥೆಯ ಪ್ರಕಾರ ಗೆರಾಲ್ಟ್‌ನ ಸಾಕುಮಗಳು ಸಿರಿ ಅಪಾಯದಲ್ಲಿದ್ದಾಳೆ, ಅವಳನ್ನು ಹುಡುಕಬೇಕು. ನೀವು ಹೆಂಡದಂಗಡಿಯಲ್ಲಿ ಕೂತು ಗ್ವೆಂಟ್ ಇಸ್ಪೀಟು ಆಡುತ್ತಿದ್ದೀರಿ. ಆಟ ಏನೂ ಅನ್ನುವುದಿಲ್ಲ, ನಿಮಗೇ ಒಂಥರಾ ಅನ್ನಿಸುತ್ತೆ. ಅದಕ್ಕಿಂತ ನಿಜವಾದ ತೊಂದರೆ ಲೆವೆಲ್‌ದು. ತುಂಬಾ ಅಲೆದಾಡಿ ಲೆವೆಲ್ ಏರಿಸಿಕೊಂಡರೆ ಹಳೇ ಕ್ವೆಸ್ಟ್‌ಗಳು ಬೂದು ಬಣ್ಣಕ್ಕೆ ತಿರುಗುತ್ತವೆ, ಅವುಗಳಿಂದ ಸಿಗುವ ಅನುಭವದ ಅಂಕ ಅಷ್ಟಕ್ಕಷ್ಟೆ, ಶತ್ರುಗಳೂ ಸಪ್ಪೆ. ಸೆಟ್ಟಿಂಗ್ಸ್‌ನಲ್ಲಿ ಶತ್ರುಗಳ ಲೆವೆಲ್ ಏರಿಸುವ ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಿ. ಸ್ಕೆಲ್ಲಿಗೆ ದ್ವೀಪಗಳ ಸುತ್ತ ಸಮುದ್ರದಲ್ಲಿ ತೇಲುವ ಪ್ರಶ್ನಾರ್ಥಕ ಚಿಹ್ನೆಗಳಿವೆಯಲ್ಲ, ಅವನ್ನು ಕಣ್ಣುಮುಚ್ಚಿ ಬಿಟ್ಟುಬಿಡಿ. ದೋಣಿಯಲ್ಲಿ ಹೋಗು, ಮುಳುಗು, ಪೆಟ್ಟಿಗೆ ತೆಗಿ, ಮತ್ತೆ ದೋಣಿ. ನಿಧಾನ ಬೇರೆ, ಬೇಜಾರು ಬೇರೆ. ಹಾಗೆಯೇ ಕಥೆಯಲ್ಲಿ ಐಲ್ ಆಫ್ ಮಿಸ್ಟ್ಸ್ ಅನ್ನುವ ದ್ವೀಪಕ್ಕೆ ಹೊರಡುವ ಮುಂಚೆ ಗೆಳೆಯರ ಸೈಡ್ ಕ್ವೆಸ್ಟ್‌ಗಳನ್ನು ಮುಗಿಸಿಕೊಳ್ಳಿ. ಆಮೇಲೆ ಕೆಲವು ಸಿಗುವುದಿಲ್ಲ.

ಬಿಟ್ಟು ಬಂದವರನ್ನು ನಾಲ್ಕರಲ್ಲಿ ಅತಿ ಚೆನ್ನಾಗಿ ನೋಡಿಕೊಳ್ಳುವುದು ಇದೇ ಆಟ. ಸೇವ್ ತೆರೆದಾಗ ಗೆರಾಲ್ಟ್‌ನ ಕವಿಮಿತ್ರ ಡ್ಯಾಂಡಿಲಿಯನ್ ಇಲ್ಲಿವರೆಗಿನ ಕಥೆಯನ್ನು ಚಿತ್ರದ ಜೊತೆ ಹೇಳುತ್ತಾನೆ. ಕ್ವೆಸ್ಟ್ ಪುಟದಲ್ಲೂ ಅವನದೇ ಬರಹ, ಒಂದು ಪ್ಯಾರಾ ಓದಿದರೆ ಎಲ್ಲ ನೆನಪಾಗುತ್ತೆ. ಓದುವುದು, ಕೇಳುವುದು ಮಾತ್ರ ಜಾಸ್ತಿ. 2022ರ ಡಿಸೆಂಬರ್‌ನ ಉಚಿತ ಅಪ್‌ಡೇಟ್ ಆದ ಮೇಲೆ ಸಬ್‌ಟೈಟಲ್ ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಟಿವಿಯಲ್ಲಿ ಆಡುವವರು ಮೊದಲು ಆ ಕೆಲಸ ಮಾಡಿ.

ಎಲ್ಡನ್ ರಿಂಗ್: ನಿಧಾನವೇ ಇಲ್ಲಿ ಜಾಣತನ

ಇದನ್ನು ಈ ಪಟ್ಟಿಯಲ್ಲಿ ನೋಡಿ ಕೆಲವರು ನಗಬಹುದು. ಫ್ರಮ್‌ಸಾಫ್ಟ್‌ವೇರ್ ಆಟ ಅಂದರೆ ಸತ್ತು ಸತ್ತು ಕಲಿಯುವುದು, ಅಲ್ವಾ? ನಿಜ. 2022ರ ಫೆಬ್ರುವರಿಯಲ್ಲಿ ಬಂದ ಈ ಆಟದಲ್ಲಿ ಸುಲಭ-ಕಷ್ಟ ಅಂತ ಆರಿಸಿಕೊಳ್ಳುವ ಮೆನು ಇಲ್ಲ. ಆದರೆ ಅಲೆದಾಡುವುದೇ ಇಲ್ಲಿ ಸುಲಭ ಮಾಡಿಕೊಳ್ಳುವ ದಾರಿ. ಸ್ಕೈರಿಮ್ ಅಲೆದಾಟವನ್ನು ಸಹಿಸುತ್ತೆ, ವಿಚರ್ ಅದಕ್ಕೆ ಕಥೆ ಕೊಡುತ್ತೆ, ಎಲ್ಡನ್ ರಿಂಗ್ ಕೂಲಿ ಕೊಡುತ್ತೆ.

ಬಾಗಿಲು ತೆಗೆದು ಹೊರಗೆ ಬಂದ ತಕ್ಷಣ ಚಿನ್ನದ ಕವಚ ತೊಟ್ಟ ಒಬ್ಬ ಕುದುರೆ ಸವಾರ ಓಡಾಡುತ್ತಿರುತ್ತಾನೆ. ಹತ್ತಿರ ಹೋದರೆ ಎರಡೇ ಏಟು. ಬೇಕಂತಲೇ ಇಟ್ಟಿದ್ದಾರೆ. ಆಗದಿದ್ದರೆ ಸುತ್ತಿಕೊಂಡು ಹೋಗು, ಆಮೇಲೆ ಬಾ ಅನ್ನುವ ಪಾಠ ಅದು. ಮುಂದೆ ಕೋಟೆ ಬಾಗಿಲಲ್ಲಿ ಮಾರ್ಗಿಟ್ ಅನ್ನುವ ದೊಡ್ಡ ಶತ್ರು ಸಿಗುತ್ತಾನೆ. ಚಿನ್ನದ ಬೆಳಕಿನ ಗೆರೆ ಅವನ ಕಡೆಗೇ ಕೈ ತೋರಿಸುತ್ತೆ, ಅದನ್ನು ನಂಬಿ ಹೋದವರು ಅಲ್ಲೇ ಸಂಜೆಗಟ್ಟಲೆ ಒದ್ದಾಡುತ್ತಾರೆ. ಬದಲು ದಕ್ಷಿಣಕ್ಕೆ ತಿರುಗಿ ಸೇತುವೆ ದಾಟಿ ವೀಪಿಂಗ್ ಪೆನಿನ್ಸುಲಾ ಸುತ್ತಾಡಿ. ಗುಹೆ, ಚರ್ಚು, ಗಣಿ ನೋಡಿಕೊಂಡು ವಾಪಸ್ ಬರುವಷ್ಟರಲ್ಲಿ ನೀವೂ ಗಟ್ಟಿಯಾಗಿರುತ್ತೀರಿ, ಆಯುಧವೂ ಗಟ್ಟಿಯಾಗಿರುತ್ತೆ. ಹೋಗಲಿ ಬಿಡಿ, ಕೋಟೆಗೇ ಹೋಗದೆ ಪಕ್ಕದ ಕಾಲುದಾರಿಯಲ್ಲಿ ಮುಂದಿನ ಪ್ರಾಂತ್ಯಕ್ಕೆ ಹೋಗಲೂ ಆಗುತ್ತೆ.

ಆಟ ಕೊಡುವ ಕುದುರೆಯಿಂದ ಇಳಿದು ನಡೆದರೆ ಸಿಗುವುದೇ ಬೇರೆ. ಶುರುವಿನ ಪ್ರಾಂತ್ಯ ಲಿಮ್‌ಗ್ರೇವ್‌ನಲ್ಲಿ ಒಂದು ಕಡೆ "ಯಾರಾದರೂ ಇದ್ದೀರಾ" ಅನ್ನುವಂಥ ಸಣ್ಣ ದನಿ ಕೇಳುತ್ತೆ. ಸುತ್ತ ಯಾರೂ ಇಲ್ಲ, ಬರೀ ಗಿಡಗಳು. ಅದರಲ್ಲಿ ಒಂದು ಗಿಡಕ್ಕೆ ಏಟು ಕೊಟ್ಟರೆ ಅದು ಬಾಕ್ ಅನ್ನುವ ಕುಳ್ಳ. ಯಾರೋ ಮಾಟ ಮಾಡಿ ಗಿಡ ಮಾಡಿಟ್ಟಿದ್ದಾರೆ. ಮುಂದೆ ಅವನೇ ನಿಮಗೆ ಬಟ್ಟೆ ಹೊಲಿದುಕೊಡುವ ದರ್ಜಿ. ನಾಗಾಲೋಟದಲ್ಲಿ ಹೋದವರಿಗೆ ಆ ದನಿ ಕಿವಿಗೆ ಬೀಳುವುದು ಕಷ್ಟ. ಪೂರ್ವದ ಮಿಸ್ಟ್‌ವುಡ್ ಕಾಡಿನಲ್ಲಿ ಒಂದು ಲಿಫ್ಟ್ ಇದೆ. ಹತ್ತಿ ನಿಂತರೆ ಇಳಿಯುತ್ತಾ ಇಳಿಯುತ್ತಾ ಇಷ್ಟು ಆಳಾನಾ ಅನ್ನಿಸುತ್ತೆ. ಕೆಳಗೆ ಸಿಯೋಫ್ರಾ ನದಿ, ನೆಲದಡಿಯಲ್ಲೇ ತಲೆ ಮೇಲೆ ನಕ್ಷತ್ರಗಳು. ಅಲ್ಲಿಗೆ ಹೋಗು ಅಂತ ಆಟ ಒಂದು ಮಾತೂ ಹೇಳಿರುವುದಿಲ್ಲ.

ಆದರೆ ಮನೆ ತುಂಬಾ ಜನ ಇರುವವರು ಯೋಚನೆ ಮಾಡಿ. ಆಟವನ್ನು ನಡುವೆ ತಡೆದು ನಿಲ್ಲಿಸುವ ಪಾಸ್ (pause) ಬಟನ್ ಇಲ್ಲ. ಮೆನು ತೆರೆದರೂ ಶತ್ರು ನಿಲ್ಲುವುದಿಲ್ಲ. ಬಾಸ್ (ದೊಡ್ಡ ಶತ್ರು) ಜೊತೆ ಕಾದಾಡುವಾಗ ಕಾಲಿಂಗ್ ಬೆಲ್ ಆದರೆ ಕಥೆ ಮುಗಿಯಿತು. ಹಾಗಂತ ನಿಲ್ಲಿಸಲು ಕಷ್ಟ ಅಂತಲ್ಲ: ಆಟ ತಾನೇ ಸೇವ್ ಮಾಡುತ್ತಿರುತ್ತೆ, ಕ್ವಿಟ್ ಮಾಡಿದರೆ ಸಾಮಾನ್ಯವಾಗಿ ನಿಂತ ಜಾಗದಲ್ಲೇ ಮತ್ತೆ ಶುರು. ಕ್ವೆಸ್ಟ್ ಪಟ್ಟಿ ಅಂತೂ ಇಲ್ಲವೇ ಇಲ್ಲ. ಯಾರು ಎಲ್ಲಿಗೆ ಹೋಗು ಅಂದರು ಅನ್ನುವುದನ್ನು ನೀವೇ ಒಂದು ನೋಟ್‌ಬುಕ್‌ನಲ್ಲಿ ಗೀಚಿಕೊಳ್ಳಬೇಕು. ಬರೆದುಕೊಳ್ಳುವ ಅಭ್ಯಾಸ ಇಲ್ಲದವರು ತಿಂಗಳು ಬಿಟ್ಟು ಬಂದರೆ ಕೈಗೆ ಬಟನ್‌ಗಳೂ ಮರೆತಿರುತ್ತವೆ, ಜನರೂ ಮರೆತಿರುತ್ತಾರೆ. ಓದುವುದು ಕಡಿಮೆ, ಆದರೆ ಓದಿದ್ದು ಒಗಟಿನ ಹಾಗೆ.

ಕಿಂಗ್‌ಡಮ್ ಕಮ್: ಡೆಲಿವರೆನ್ಸ್

ಪ್ರಾಗ್‌ನ ವಾರ್‌ಹಾರ್ಸ್ ಸ್ಟುಡಿಯೋಸ್ 2018ರಲ್ಲಿ ಬಿಟ್ಟಿದ್ದು. 1403ರ ಬೊಹೀಮಿಯಾ, ಅಂದರೆ ಇಂದಿನ ಚೆಕ್ ನಾಡು. ಮಾಟ ಇಲ್ಲ, ಡ್ರ್ಯಾಗನ್ ಇಲ್ಲ. ನೀವು ಕಮ್ಮಾರನ ಮಗ ಹೆನ್ರಿ. ಆಟದ ರಾಟ್ಟೇ, ಸಸಾವು, ಟಾಲ್ಮ್‌ಬರ್ಗ್ ಎಲ್ಲ ಸಾಜಾವಾ ನದಿಯ ಸುತ್ತಮುತ್ತ ನಿಜವಾಗಿ ಇರುವ ಜಾಗಗಳು.

ಹೆನ್ರಿಗೆ ಓದಲು ಬರುವುದಿಲ್ಲ. ಪುಸ್ತಕ ತೆಗೆದರೆ ಅಕ್ಷರಗಳು ಹಿಂದುಮುಂದಾಗಿ ಕಲಸಿಕೊಂಡಿರುತ್ತವೆ, ನಿಮಗೂ ಅರ್ಥವಾಗುವುದಿಲ್ಲ. ಉಝಿಟ್ಸ್ ಹಳ್ಳಿಯ ಬರಹಗಾರನ ಹತ್ತಿರ ಹೋಗಿ ಕಲಿಯಬೇಕು. ಕಲಿತ ಮೇಲೂ ಒಂದೇ ಸಲಕ್ಕೆ ಸರಿಹೋಗುವುದಿಲ್ಲ, ಓದುತ್ತಾ ಹೋದ ಹಾಗೆ ಪದಗಳು ನೆಟ್ಟಗಾಗುತ್ತವೆ. ಔಷಧಿ ಮಾಡುವುದೂ ಹಾಗೇ. ಮೆನುವಿನಲ್ಲಿ ಬಟನ್ ಒತ್ತಿದರೆ ಆಗುವುದಿಲ್ಲ. ಕಡಾಯಿಗೆ ವೈನ್ ಹಾಕಿ, ಸೊಪ್ಪು ಹಾಕಿ, ತಿದಿ ಒತ್ತಿ, ಮರಳುಗಡಿಯಾರ ತಿರುವಿಟ್ಟು ಕಾಯಬೇಕು. ಬಟ್ಟೆಗೆ ರಕ್ತ, ಕೆಸರು ಮೆತ್ತಿಕೊಂಡಿದ್ದರೆ ದೊಡ್ಡ ಮನುಷ್ಯರು ಮುಖ ತಿರುಗಿಸುತ್ತಾರೆ, ಮೊದಲು ಸ್ನಾನದ ಮನೆಗೆ ಹೋಗಬೇಕು. ದಿನದ ಬದುಕೇ ಆಟ. ನನಗೆ ಈ ನಾಲ್ಕರಲ್ಲಿ ಅತಿ ಇಷ್ಟವಾದದ್ದು ಇದು.

ಆದರೂ ಎಲ್ಲರಿಗೂ ಆಡಿ ಅನ್ನುವುದಿಲ್ಲ. ಎರಡು ಕಾರಣ. ಮೊದಲನೆಯದು ಸೇವ್. ಬೇಕೆಂದಾಗ ಸೇವ್ ಮಾಡಲು ಸೇವಿಯರ್ ಷ್ನಾಪ್ಸ್ ಅನ್ನುವ ಪಾನೀಯ ಕುಡಿಯಬೇಕು, ಇಲ್ಲ ನಿಮ್ಮದೇ ಹಾಸಿಗೆಯಲ್ಲಿ ಮಲಗಬೇಕು. ಆಮೇಲಿನ ಅಪ್‌ಡೇಟ್‌ನಲ್ಲಿ ಸೇವ್ ಮಾಡಿ ಹೊರಬರುವ ಆಯ್ಕೆ ಕೊಟ್ಟಿದ್ದಾರೆ, ಎದ್ದು ಹೋಗಲು ಅದು ಸಾಕು. ಕರೆಂಟ್ ಹೋಗುವ ಊರಲ್ಲಿ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್‌ನಲ್ಲಿ ಆಡುವವರಿಗೆ ಮಾತ್ರ ಕಷ್ಟ. ಎರಡನೆಯದು, ಇಲ್ಲಿ ಕೆಲವರು ನಿಮಗಾಗಿ ಕಾಯುವುದಿಲ್ಲ. ಮೆರ್ಹೊಯೆಡ್ ಹಳ್ಳಿಯಲ್ಲಿ ಜನ ಕಾಯಿಲೆ ಬಿದ್ದಿದ್ದಾರೆ, ಮದ್ದು ಹುಡುಕಬೇಕು. ಬೇಟೆಯಾಡಿಕೊಂಡು ದಿನ ದೂಡಿದರೆ ನಿಜಕ್ಕೂ ಸಾಯುತ್ತಾರೆ. ಹಾಗಾಗಿ ಇಲ್ಲಿಯ ನಿಧಾನ ಬೇರೆ ಥರದ್ದು. ಸುಮ್ನೆ ಅಲೆಯುವುದಲ್ಲ, ಒಂದು ಕೆಲಸ ಹಿಡಿದರೆ ಅದನ್ನೇ ಗಮನವಿಟ್ಟು ಮುಗಿಸುವುದು. ಶುರುವಿನ ಭಾಗ ಉದ್ದ, ಕೈಕಾಲು ಬಿಟ್ಟು ಓಡಾಡಲು ಕೆಲವು ಗಂಟೆ ಕಾಯಬೇಕು. ಎರಡನೇ ಭಾಗ 2025ರ ಫೆಬ್ರುವರಿಯಲ್ಲಿ ಬಂದಿದೆ, ಕಥೆ ಇದರದೇ ಮುಂದುವರಿಕೆ. ಮೊದಲಿನಿಂದ ಬರುವುದು ಒಳ್ಳೆಯದು.

ಬಿಟ್ಟಿದ್ದು ಯಾಕೆ

ಸೈಬರ್‌ಪಂಕ್ 2077 ಈಗ ಒಳ್ಳೆಯ ಆಟವೇ, 2023ರ 2.0 ಅಪ್‌ಡೇಟ್ ಆದ ಮೇಲೆ ಇನ್ನೂ. ಆದರೆ ನಾಯಕನ ತಲೆಯೊಳಗಿನ ಚಿಪ್ ಅವನನ್ನು ಕೊಲ್ಲುತ್ತಿದೆ ಅನ್ನುವುದೇ ಕಥೆ. ಜೊತೆಗೆ ಮೇಲಿಂದ ಮೇಲೆ ಫೋನ್. ಸಮಾಧಾನವಾಗಿ ನೂಡಲ್ಸ್ ಅಂಗಡಿ ಮುಂದೆ ನಿಲ್ಲಲು ಮನಸ್ಸು ಬರುವುದಿಲ್ಲ. ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿಯ ಗ್ರೀಸ್ ಕಣ್ಣಿಗೆ ಹಬ್ಬ, ಆದರೆ ಕ್ವೆಸ್ಟ್‌ಗಳು ಮದುವೆ ಮನೆ ಊಟದ ಹಾಗೆ, ಸಾಕು ಅಂದರೂ ಎಲೆಗೆ ಬೀಳುತ್ತಲೇ ಇರುತ್ತವೆ. ಅದನ್ನು ಆಡುವುದಾದರೆ ಶುರುವಿನಲ್ಲೇ ಎಕ್ಸ್‌ಪ್ಲೊರೇಷನ್ ಮೋಡ್ ಆರಿಸಿ, ಗುರುತು ಬದಲು ಸುಳಿವು ಕೊಡುತ್ತೆ.

ಹಾಗಾದರೆ ಯಾವುದು?

ಇಂಥ ಆಟ ಇದೇ ಮೊದಲು ಅನ್ನುವವರಿಗೆ ವಿಚರ್ 3. ವಾರಗಟ್ಟಲೆ ಬಿಟ್ಟು ಬರುವವರಿಗೂ ಅದೇ. ಕಥೆಯ ಗೊಡವೆ ಬೇಡ, ಪಾಡ್‌ಕಾಸ್ಟ್ ಹಾಕಿಕೊಂಡು ಕಾಡು ಸುತ್ತಬೇಕು, ಹಳೇ ಲ್ಯಾಪ್‌ಟಾಪ್ ಬೇರೆ ಅನ್ನುವವರಿಗೆ ಸ್ಕೈರಿಮ್. ದಿನಾ ಒಂದು ಗಂಟೆ ಯಾರೂ ಕರೆಯದ ಸಮಯ ಖಾತ್ರಿಯಾಗಿ ಸಿಗುತ್ತೆ, ಸೋತರೂ ಸಿಟ್ಟು ಬರುವುದಿಲ್ಲ ಅಂದರೆ ಎಲ್ಡನ್ ರಿಂಗ್. ವಾರಾಂತ್ಯಕ್ಕೆ ಒಂದೇ ಸಲ, ಆದರೆ ಮೂರು ನಾಲ್ಕು ಗಂಟೆ ಒಟ್ಟಿಗೆ ಕೂರುವವರಿಗೆ ಕಿಂಗ್‌ಡಮ್ ಕಮ್.

ಕೊಳ್ಳುವಾಗ ಡಿಎಲ್‌ಸಿ, ಅಂದರೆ ಆಟಕ್ಕೆ ಆಮೇಲೆ ಸೇರಿಸುವ ಕಂತುಗಳ ವಿಷಯ ನೋಡಿಕೊಳ್ಳಿ. ವಿಚರ್ 3ಕ್ಕೆ ಎರಡೂ ಕಂತು ಸೇರಿರುವ ಕಂಪ್ಲೀಟ್ ಎಡಿಷನ್ ತೆಗೆದುಕೊಳ್ಳಿ, 2016ರ ಬ್ಲಡ್ ಆಂಡ್ ವೈನ್ ಬಿಟ್ಟರೆ ನಷ್ಟ ನಿಮಗೇ. ಸ್ಕೈರಿಮ್‌ಗೆ ಸ್ಪೆಷಲ್ ಎಡಿಷನ್ ಸಾಕು. ಎಲ್ಡನ್ ರಿಂಗ್‌ನ 2024ರ ಡಿಎಲ್‌ಸಿ, ಶ್ಯಾಡೋ ಆಫ್ ದಿ ಎರ್ಡ್‌ಟ್ರೀ, ಈಗಲೇ ಬೇಡ. ರಡಾನ್ ಮತ್ತು ಮೋಗ್ ಅನ್ನುವ ಬಾಸ್‌ಗಳಿಬ್ಬರನ್ನೂ ಸೋಲಿಸಿದ ಮೇಲೇ ಅದರ ಬಾಗಿಲು ತೆರೆಯುತ್ತೆ. ನಮ್ಮ ವೇಗಕ್ಕೆ ಅಲ್ಲಿಗೆ ಹೋಗುವಷ್ಟರಲ್ಲಿ ಇನ್ನೆರಡು ಸೇಲ್ ಬಂದು ಹೋಗಿರುತ್ತವೆ.